ಹರಿಗೋಲಿನ ಒಳನೀರು: ತುಂಗಭದ್ರಾ ತೀರದ ಜಲಸಾರಿಗೆಯ ಒಂದು ತಾಂತ್ರಿಕ ವಿವೇಚನೆ

ಹೊಸಪೇಟೆ, ಹಂಪಿ, ಆನೆಗೊಂದಿ ಹಾಗೂ ಕಂಪ್ಲಿಯನ್ನು ಒಳಗೊಂಡ ತುಂಗಭದ್ರಾ ತೀರದಲ್ಲಿ ನದಿ ದಾಟುವುದಕ್ಕೂ ಮೀನು ಹಿಡಿಯುವುದಕ್ಕೂ ಜನರು ಶತಮಾನಗಳಿಂದ ಬಳಸುತ್ತ ಬಂದಿರುವ ಸಾಧನ ಹರಿಗೋಲು. ಆಡುಮಾತಿನಲ್ಲಿ ಇದು ಅರಗೋಲು. ತೆಲುಗು ಬೆರೆತ ಊರುಗಳಲ್ಲಿ ಪುಟ್ಟಿ. ಮೈಸೂರು ಸೀಮೆಯ ಕೆಲವೆಡೆ ಇದನ್ನೇ ತೆಪ್ಪವೆಂದು ಕರೆಯುವುದೂ ಉಂಟು. ಆದರೆ ತೆಪ್ಪವೆಂಬುದು ನಿಜಾರ್ಥದಲ್ಲಿ ಮರದ ದಿಮ್ಮಿಗಳನ್ನೋ ಬಿದಿರುಗಳನ್ನೋ ಜೋಡಿಸಿ ಕಟ್ಟಿದ ತೇಲುಹಾಸು. ಅದಕ್ಕೆ ಒಡಲೆಂಬುದಿಲ್ಲ, ಅಲೆ ಮೇಲೆ ಹಾಯ್ದರೂ ನೀರು ಸಂದುಗಳಿಂದ ಇಳಿದುಹೋಗುತ್ತದೆ. ಹರಿಗೋಲಿಗಾದರೋ ಒಡಲಿದೆ. ಒಡಲು ಇರುವುದರಿಂದಲೇ ಅದು ಹಗುರಾಗಿ ತೇಲುತ್ತದೆ, ಒಡಲು ಇರುವುದರಿಂದಲೇ ಒಳಹೊಕ್ಕ ನೀರು ಹೊರಹೋಗಲಾರದೆ ನಿಲ್ಲುತ್ತದೆ. ಹೆಸರುಗಳ ಬೆರಕೆಯಲ್ಲಿ ಮರೆಯಾಗುವ ಈ ವ್ಯತ್ಯಾಸವೇ ಪ್ರಸ್ತುತ ವಿವೇಚನೆಯ ಆರಂಭಬಿಂದು.

ಹರಿಗೋಲಿನ ಕುರಿತ ಬರಹಗಳು ಅದರ ಆಕಾರವನ್ನೂ ಗಿರಗಿರನೆ ಸುತ್ತುವ ಚಲನೆಯನ್ನೂ ಸಾಕಷ್ಟು ವರ್ಣಿಸಿವೆ. ಸುಮಾರು 1520ರ ವೇಳೆಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ಜನರು ದಾಟುತ್ತಿದ್ದ ದೋಣಿಗಳು ಬುಟ್ಟಿಯಂತೆ ದುಂಡಗಿದ್ದುವೆಂದೂ ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ ಇದ್ದುವೆಂದೂ ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುವೆಂದೂ ದಾಖಲಿಸಿದ್ದಾನೆ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಅವುಗಳಲ್ಲಿ ಸಾಗಿಸಬಹುದಾಗಿತ್ತೆಂಬುದು ಅವನ ಮಾತು. ಈ ವರ್ಣನೆ ರಾಬರ್ಟ್ ಸೀವೆಲ್ಲನ ಇಂಗ್ಲಿಷ್ ಅನುವಾದದ ಮೂಲಕ 1900ರಲ್ಲಿ ವ್ಯಾಪಕವಾಗಿ ತಿಳಿಯಿತು. 1803ರ ಮರಾಠಾ ಯುದ್ಧದ ಕಾಲದಲ್ಲಿ ಆರ್ಥರ್ ವೆಲ್ಲೆಸ್ಲಿ ಮಳೆಗಾಲದ ತುಂಬುಹೊಳೆಗಳನ್ನು ಸೈನ್ಯಸಾಮಗ್ರಿಗಳೊಡನೆ ದಾಟಲು ಇಂತಹ ಬುಟ್ಟಿದೋಣಿಗಳನ್ನೇ ನೆಚ್ಚಿಕೊಂಡಿದ್ದನು. ಆದರೆ ದಿನವೂ ಹುಟ್ಟು ಹಾಕುವ ಅಂಬಿಗನ ಪಾಲಿಗೆ ದೋಣಿ ಸುತ್ತುವುದು ವಿಶೇಷವೇನಲ್ಲ. ಅವನ ಕಣ್ಣು ಇರುವುದು ತಳದ ಮೇಲೆ. ಪುರಂದರದಾಸರು ತಮ್ಮ ಪ್ರಸಿದ್ಧ ಕೀರ್ತನೆಯೊಂದರಲ್ಲಿ ದೇಹವನ್ನು ಒಂಬತ್ತು ತೂತುಗಳ ಹರಿಗೋಲಿಗೆ ಹೋಲಿಸಿ ಅಂಬಿಗನನ್ನು ಮೊರೆಹೊಗುತ್ತಾರೆ. ಹೋಲಿಕೆಯ ಆಧ್ಯಾತ್ಮಿಕ ಅರ್ಥ ಏನೇ ಇರಲಿ, ಸೋರುವ ಹರಿಗೋಲು ಕೇಳುಗರಿಗೆ ಪರಿಚಿತವಾದ ಭಯವಾಗಿದ್ದಿತೆಂಬುದು ಅದರಿಂದ ಸ್ಪಷ್ಟ. ಹಂಪಿಯ ನದಿದಂಡೆಯ ಮಂಟಪವೊಂದು ಇಂದಿಗೂ ಅವರ ಹೆಸರನ್ನೇ ಹೊತ್ತು ನಿಂತಿದೆ.

ಒಳನೀರು ಎಂಬುದನ್ನು ಇಲ್ಲಿ ಎರಡು ಬಗೆಯಾಗಿ ಗ್ರಹಿಸಬೇಕಾಗುತ್ತದೆ. ತಳದಲ್ಲಿ ಕಣ್ಣಿಗೆ ಕಾಣುವಂತೆ ನಿಂತ ನೀರು ಒಂದು. ಇದನ್ನು ತಂಗುನೀರು ಎನ್ನಬಹುದು. ಹೆಣಿಗೆಯ ಸಂದುಗಳಲ್ಲಿ, ಹೆಣಿಗೆಗೂ ಹೊದಿಕೆಗೂ ನಡುವೆ, ಹೊದಿಕೆಯ ಪದರಗಳೊಳಗೆ ಸೇರಿಕೊಂಡು ಕಾಣದೆ ಉಳಿಯುವ ನೀರು ಇನ್ನೊಂದು, ಇದು ಅಡಗುನೀರು. ತಂಗುನೀರು ಒಂದು ಪ್ರಯಾಣವನ್ನು ಅಪಾಯಕ್ಕೊಡ್ಡಿದರೆ ಅಡಗುನೀರು ಹರಿಗೋಲನ್ನೇ ತಿನ್ನುತ್ತದೆ. ಚರ್ಮದಿಂದ ಟಾರು ಬಳಿದ ಪ್ಲಾಸ್ಟಿಕ್ ಚೀಲಕ್ಕೆ, ಅಲ್ಲಿಂದ ಫೈಬರ್ ಗ್ಲಾಸಿಗೆ ಹೊದಿಕೆ ಬದಲಾದಂತೆ ನೀರು ಒಳಬರುವುದು ಕಡಿಮೆಯಾಗುತ್ತ ಬಂದಿದೆ. ಒಮ್ಮೆ ಒಳಬಂದ ನೀರು ಹೊರಹೋಗುವುದು ಮಾತ್ರ ಹೆಚ್ಚು ಹೆಚ್ಚು ಕಠಿಣವಾಗುತ್ತ ಬಂದಿದೆ.

ರಚನೆ ಮತ್ತು ನೀರಿನ ದಾರಿಗಳು

ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡಲಾಗಿ ಹರಡಿ, ನಡುವಿನಿಂದ ಹೆಣೆಯುತ್ತ ಹೋಗಿ, ಅಂಚುಗಳನ್ನು ಮೇಲಕ್ಕೆ ಬಾಗಿಸಿ, ಬಾಯಿಯ ಸುತ್ತ ದಪ್ಪನೆಯ ಬಿದಿರಿನ ಬಳೆಯನ್ನು ಬಿಗಿದಾಗ ಹರಿಗೋಲಿನ ಹಂದರ ಸಿದ್ಧವಾಗುತ್ತದೆ. ತಳದ ನಡುಭಾಗದಲ್ಲಿ ಹೆಣಿಗೆ ಹೆಚ್ಚು ಒತ್ತಾಗಿರುತ್ತದೆ, ಏಕೆಂದರೆ ಭಾರವೆಲ್ಲ ಬೀಳುವುದು ಅಲ್ಲಿಯೇ. ಹಂದರಕ್ಕೆ ಮೊಳೆಯಾಗಲಿ ಕೀಲಾಗಲಿ ಇಲ್ಲ. ಬಂಡೆಗೆ ತಾಗಿದಾಗ ಅದು ಮುರಿಯದೆ ಬಾಗುತ್ತದೆ. ಹಂಪಿಯ ಸುತ್ತಣ ನದಿಪಾತ್ರ ಗ್ರಾನೈಟ್ ಬಂಡೆಗಳಿಂದ ತುಂಬಿರುವುದರಿಂದ ಈ ಬಾಗುವ ಗುಣವಿಲ್ಲದ ದೋಣಿ ಇಲ್ಲಿ ಬಹುಕಾಲ ಬಾಳಲಾರದು. ಆದರೆ ಹಂದರ ಬಾಗಿದಾಗಲೆಲ್ಲ ದಬ್ಬೆಗಳು ಒಂದರ ಮೇಲೊಂದು ಜಾರುತ್ತವೆ, ಹೊದಿಕೆಯನ್ನು ಉಜ್ಜುತ್ತವೆ. ನಡುವೆ ಸಿಕ್ಕ ಮರಳಿನ ಕಣ ಅರದ ಕೆಲಸ ಮಾಡುತ್ತದೆ. ಬಂಡೆಯಿಂದ ಪಾರುಮಾಡುವ ಗುಣವೇ ಸೋರಿಕೆಗೂ ದಾರಿಮಾಡುತ್ತದೆ ಎಂಬುದು ಈ ರಚನೆಯಲ್ಲಿ ಅಡಗಿರುವ ತೊಡಕು.

ನೀರು ಒಳಸೇರುವ ದಾರಿಗಳು ಹಲವು. ಸೆಳವಿನಲ್ಲಿ ಅಂಚನ್ನು ದಾಟಿ ಚಿಮ್ಮುವ ಅಲೆ, ಹುಟ್ಟಿನಿಂದ ತೊಟ್ಟಿಕ್ಕುವ ಹನಿ, ದಡದಲ್ಲಿ ಮೊಣಕಾಲುದ್ದ ನೀರಿನಿಂದ ಹತ್ತುವವರ ಒದ್ದೆ ಕಾಲು ಮತ್ತು ಬಟ್ಟೆ, ಎಳೆದು ಹಾಕಿದ ಬಲೆ, ಮಳೆ, ಇವೆಲ್ಲ ಮೇಲಿನಿಂದ ಬರುವುವು. ಹೊದಿಕೆಯ ತೂತು, ಹೊಲಿಗೆಯ ರಂಧ್ರ, ಕಿತ್ತುಬಂದ ತೇಪೆ, ಇವು ಕೆಳಗಿನಿಂದ. ಮೀನುಗಾರನ ಹರಿಗೋಲಿನಲ್ಲಿ ಮೇಲಿನ ನೀರೇ ಅಧಿಕ. ಪ್ರಯಾಣಿಕರ ಹರಿಗೋಲಿನಲ್ಲಿ ಪಾದರಕ್ಷೆಗಳೊಡನೆ ಬರುವ ಮರಳು ಕೆಳಗಿನ ದಾರಿಯನ್ನು ಬೇಗ ತೆರೆಯುತ್ತದೆ.

ತಂಗುನೀರು ಮತ್ತು ಸ್ಥಿರತೆ

ತಳದಲ್ಲಿ ಅಂಗುಲದಷ್ಟು ನೀರು ನಿಂತರೆ ಏನಾದೀತೆಂದು ಪ್ರಯಾಣಿಕನಿಗೆ ಅನ್ನಿಸುವುದು ಸಹಜ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ನೀರಿನ ಮಟ್ಟದಲ್ಲಿ 2.4 ಮೀಟರ್ ವ್ಯಾಸವಿರುವ, ಜನರನ್ನೂ ಒಳಗೊಂಡು ಒಟ್ಟು 800 ಕಿಲೋಗ್ರಾಂ ತೂಗುವ ಒಂದು ಹರಿಗೋಲನ್ನು ಕಲ್ಪಿಸಿಕೊಳ್ಳಬಹುದು. ಅದರ ಸಮತಟ್ಟಾದ ತಳದ ವ್ಯಾಸ 2 ಮೀಟರ್ ಎಂದಿಟ್ಟುಕೊಂಡರೆ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದರ ಮೇಲೆ 5 ಸೆಂಟಿಮೀಟರ್ ಆಳಕ್ಕೆ ನಿಂತ ನೀರು ಸುಮಾರು 157 ಲೀಟರ್, ಅಂದರೆ ಅಷ್ಟೇ ಕಿಲೋಗ್ರಾಂ ಭಾರ. ಈ ಹೆಚ್ಚುವರಿ ಭಾರ ಹರಿಗೋಲನ್ನು ಮೂರೂವರೆ ಸೆಂಟಿಮೀಟರಿನಷ್ಟು ಮಾತ್ರ ತಗ್ಗಿಸುತ್ತದೆ. ಅಂಚಿನ ಎತ್ತರವನ್ನಷ್ಟೇ ನೋಡುವವನಿಗೆ ಇದು ಗಾಬರಿಪಡುವಂತಹ ಸಂಗತಿಯೇ ಅಲ್ಲ.

ಅಪಾಯವಿರುವುದು ತೂಕಕ್ಕಿಂತ ಮಿಗಿಲಾಗಿ ಚಲನೆಯಲ್ಲಿ. ನೌಕಾಶಾಸ್ತ್ರವು ದೋಣಿಯೊಂದು ವಾಲಿದಾಗ ಮರಳಿ ನೆಟ್ಟಗಾಗುವ ಶಕ್ತಿಯನ್ನು ಒಂದು ಎತ್ತರದ ರೂಪದಲ್ಲಿ, ಮೀಟರುಗಳಲ್ಲಿ ಅಳೆಯುತ್ತದೆ. ಮೇಲಿನ ಹರಿಗೋಲಿಗೆ ಅದರ ಅಗಲದಿಂದಾಗಿ ಲಭಿಸುವ ಪಾಲು ಸುಮಾರು 2 ಮೀಟರ್. ಹರಿಗೋಲು ಗಿಡ್ಡವಾಗಿದ್ದೂ ಸುಲಭವಾಗಿ ಮಗುಚದಿರುವುದಕ್ಕೆ ಇದೇ ಕಾರಣ. ಆದರೆ ತಳದ ಮೇಲೆ ಸ್ವೇಚ್ಛೆಯಾಗಿ ಹರಿದಾಡುವ ನೀರು, ದೋಣಿ ವಾಲಿದ ಕಡೆಗೇ ತಾನೂ ಸರಿಯುತ್ತದೆ. ನೀರಿನ ಈ ತೆರೆದ ಮೇಲ್ಮೈ 2 ಮೀಟರ್ ವ್ಯಾಸಕ್ಕೆ ಹರಡಿಕೊಂಡಿದ್ದರೆ ಆ ಶಕ್ತಿಯಲ್ಲಿ ಹೆಚ್ಚುಕಡಿಮೆ 1 ಮೀಟರ್ ಕಳೆದುಹೋಗುತ್ತದೆ, ಅಂದರೆ ಅರ್ಧದಷ್ಟು. ನೀರಿನ ಆಳ ಅಲ್ಪವಾಗಿದ್ದರೂ ಈ ನಷ್ಟ ತಪ್ಪದು. ಆರಂಭದ ಸಣ್ಣ ವಾಲಿಕೆಯಲ್ಲಿ ಲೆಕ್ಕಕ್ಕೆ ಬರುವುದು ಮೇಲ್ಮೈಯ ಹರವೇ ಹೊರತು ಆಳವಲ್ಲ. 5 ಸೆಂಟಿಮೀಟರ್ ನೀರಾದರೆ ಹರಿಗೋಲು ಮೂರು ಡಿಗ್ರಿಯಷ್ಟು ವಾಲಿದೊಡನೆ ಒಂದು ಬದಿಯ ತಳ ಬರಿದಾಗತೊಡಗುತ್ತದೆ. ಅಲ್ಲಿಂದ ಮುಂದೆ ಆ ನೀರು ಒಂದೇ ಪಕ್ಕಕ್ಕೆ ಸರಿದು ಕುಳಿತ ಎರಡು ಮೂರು ಜನರಿಗೆ ಸಮ. ಅದೇ ಗಳಿಗೆಯಲ್ಲಿ ಕಾಲಿಗೆ ನೀರು ತಾಗಿತೆಂದು ಒಬ್ಬಿಬ್ಬರು ಎದ್ದು ನಿಂತರೆ ಭಾರದ ಕೇಂದ್ರವೂ ಮೇಲೇರುತ್ತದೆ. ಏಳಬೇಡಿರೆಂದು ಅಂಬಿಗ ಗದರುವುದು ಬರಿಯ ದರ್ಪವಲ್ಲ.

ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ತಿಳಿಸುತ್ತದೆ. ತೆರೆದ ಮೇಲ್ಮೈಯ ದುಷ್ಪರಿಣಾಮ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಬದಲಾಗುವುದರಿಂದ, ನೀರಿನ ಮಡುವಿನ ವ್ಯಾಸ ಅರ್ಧಕ್ಕೆ ಇಳಿದರೆ ಪರಿಣಾಮ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ತಳವು ನಡುವಿನಲ್ಲಿ ಕೊಂಚ ತಗ್ಗಾಗಿದ್ದು ನೀರು 1 ಮೀಟರ್ ವ್ಯಾಸದ ಮಡುವಾಗಿ ಅಲ್ಲಿಯೇ ನಿಂತರೆ ನಷ್ಟ 1 ಮೀಟರಿಗೆ ಬದಲಾಗಿ ಸುಮಾರು 6 ಸೆಂಟಿಮೀಟರ್. ಒಳ್ಳೆಯ ಹೆಣಿಗೆಯ ಹರಿಗೋಲಿನ ತಳ ತಟ್ಟೆಯಂತಿರದೆ ಬೋಗುಣಿಯಂತಿರುವುದರ ಪ್ರಯೋಜನ ಇಲ್ಲಿದೆ. ನೀರು ತಾನಾಗಿ ಒಂದೆಡೆ ಕೂಡುತ್ತದೆ, ಮೊಗೆಯುವುದಕ್ಕೂ ಸುಲಭವಾಗುತ್ತದೆ. ಹಳೆಯದಾಗಿ ತಳ ಸಡಿಲಗೊಂಡು ಚಪ್ಪಟೆಯಾದ ಹರಿಗೋಲಿನಲ್ಲಿ ಅಷ್ಟೇ ನೀರು ಹಲವು ಮಡಿ ಅಪಾಯಕಾರಿ. ಜನರನ್ನು ಹೊರುವ ಕೆಲಸದಿಂದ ಹರಿಗೋಲೊಂದನ್ನು ಯಾವಾಗ ಬಿಡಿಸಬೇಕೆಂಬುದಕ್ಕೆ ಹೊದಿಕೆಯ ಸ್ಥಿತಿಗಿಂತ ತಳದ ಆಕಾರವೇ ನಂಬಲರ್ಹ ಸೂಚನೆ ಎನ್ನಬೇಕಾಗುತ್ತದೆ.

ಮೊಗೆಯುವ ಸಾಧನಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸೋರೆಬುರುಡೆ, ತಂಬಿಗೆ, ತಗಡಿನ ಡಬ್ಬ, ಅಡ್ಡಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನು, ಕೊನೆಯ ತೇವಕ್ಕೆ ಹಳೆಯ ಬಟ್ಟೆ: ಕೈಗೆ ಸಿಕ್ಕಿದುದೇ ಸಾಧನ. ಮುಖ್ಯವಾದುದು ಹೊತ್ತು. ಪ್ರತಿ ಸುತ್ತು ಮುಗಿದು ಜನರು ಇಳಿದ ಮೇಲೆ, ಮುಂದಿನವರು ಹತ್ತುವ ಮೊದಲು ತಳವನ್ನು ಒರೆಸುವ ಶಿಸ್ತು ನದಿಯ ನಡುವೆ ಮೊಗೆಯುವುದಕ್ಕಿಂತ ಎಷ್ಟೋ ಮೇಲು. ನಡುಹೊಳೆಯಲ್ಲಿ ಹುಟ್ಟು ಬಿಟ್ಟು ಮೊಗೆಯತೊಡಗಿದರೆ ಹರಿಗೋಲಿಗೆ ದಿಕ್ಕಿರುವುದಿಲ್ಲ.

ಚರ್ಮದ ಕಾಲದ ಅಡಗುನೀರು

ಚರ್ಮದ ಹೊದಿಕೆಯ ಹರಿಗೋಲು ಪೂರ್ಣವಾಗಿ ನೀರು ತಡೆಯುವಂತಹುದಾಗಿರಲಿಲ್ಲ. ಹಸಿ ಚರ್ಮವನ್ನು ಹಂದರದ ಮೇಲೆ ಎಳೆದು ಕಟ್ಟಿದರೆ ಒಣಗಿದಂತೆ ಅದು ಕುಗ್ಗಿ ಬಿಗಿಯಾಗುತ್ತದೆ. ಮತ್ತೆ ನೀರಿಗಿಳಿದಾಗ ನೀರು ಕುಡಿದು ಮೆತ್ತಗಾಗುತ್ತದೆ, ಭಾರವಾಗುತ್ತದೆ, ಜೋಲುತ್ತದೆ. ದೀರ್ಘಕಾಲ ಒದ್ದೆಯಾಗಿಯೇ ಉಳಿದರೆ ಕೊಳೆಯುತ್ತದೆ. ಆದುದರಿಂದ ದಿನದ ಕೆಲಸ ಮುಗಿದ ಮೇಲೆ ಹರಿಗೋಲನ್ನು ಹೊತ್ತು ದಡಕ್ಕೆ ತಂದು ಬೋರಲು ಹಾಕುವುದು ರೂಢಿಯ ಮಾತಾಗಿರದೆ ಅನಿವಾರ್ಯವಾಗಿತ್ತು. ಚರ್ಮಕ್ಕೆ ಒಂದು ವಿಶೇಷ ಗುಣವಿತ್ತು: ತನ್ನ ಸ್ಥಿತಿಯನ್ನು ಅದು ತಾನೇ ಹೇಳುತ್ತಿತ್ತು. ಒದ್ದೆ ಚರ್ಮ ಮುಟ್ಟಿದರೆ ತಿಳಿಯುತ್ತದೆ, ಕೊಳೆಯತೊಡಗಿದರೆ ವಾಸನೆಯಿಂದ ತಿಳಿಯುತ್ತದೆ, ಒಣಗಿದಾಗ ಬಡಿದರೆ ತಮಟೆಯಂತೆ ದನಿಗೊಡುತ್ತದೆ. ಎರಡೂ ಕಡೆಯಿಂದ ಉಸಿರಾಡುವ ಈ ಹೊದಿಕೆಯಲ್ಲಿ ಸೇರಿದ ನೀರು ಬಿಸಿಲಿಗೆ ಎರಡೂ ಕಡೆಯಿಂದ ಆರಿಹೋಗುತ್ತಿತ್ತು. ಬಾಬಿಲೋನಿನ ದುಂಡುದೋಣಿಗಳನ್ನು ವರ್ಣಿಸುವ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಪ್ರಯಾಣ ಮುಗಿದ ಮೇಲೆ ವರ್ತಕರು ಹಂದರವನ್ನು ಮಾರಿ ಚರ್ಮವನ್ನು ಕತ್ತೆಗಳ ಮೇಲೆ ಹೇರಿಕೊಂಡು ಮರಳುತ್ತಿದ್ದರೆಂದು ಹೇಳುತ್ತಾನೆ. ದೋಣಿಯಲ್ಲಿ ಬೆಲೆಯುಳ್ಳದ್ದು ಚರ್ಮವೆಂಬ ಭಾವನೆ ಅಲ್ಲಿ ಸ್ಪಷ್ಟವಾಗಿದೆ. ತುಂಗಭದ್ರೆಯ ತೀರದಲ್ಲಿಯೂ ಚರ್ಮವನ್ನು ಹದಮಾಡಿ ಹೊಲಿಯುವ ಕುಶಲಿಗನಿಲ್ಲದೆ ಅಂಬಿಗನ ವೃತ್ತಿ ಸಾಗುವಂತಿರಲಿಲ್ಲ. ಚರ್ಮ ಮರೆಯಾದಾಗ ಈ ಎರಡು ವೃತ್ತಿಗಳ ನಡುವಣ ಕೊಂಡಿಯೂ ಕಳಚಿತು. ಹೊದಿಕೆಯ ಆರೈಕೆಯನ್ನು ಬಲ್ಲ ಎರಡನೆಯ ಜೊತೆ ಕಣ್ಣುಗಳು ಇಲ್ಲವಾದುವು.

ಟಾರು ಮತ್ತು ಚೀಲ

ಇಪ್ಪತ್ತನೆಯ ಶತಮಾನದಲ್ಲಿ ಚರ್ಮದ ಸ್ಥಾನಕ್ಕೆ ಟಾರು ಬಳಿದ ಗೋಣಿ, ಅನಂತರ ರಸಗೊಬ್ಬರ ಹಾಗೂ ಸಿಮೆಂಟಿನ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿದ ಹಾಳೆ ಬಂದುವು. ಚೀಲ ಅಗ್ಗ, ಹಗುರ, ಕೊಳೆಯುವುದಿಲ್ಲ. ಹಂದರದ ಹೊರಮೈಗೆ ಹಾಳೆಯನ್ನು ಬಿಗಿದು, ಕಾಯಿಸಿದ ಟಾರನ್ನು ಹೊರಗಿನಿಂದ ಬಳಿಯಲಾಗುತ್ತದೆ. ಹೊರಗಿನ ನೀರನ್ನು ತಡೆಯುವುದರಲ್ಲಿ ಇದು ಚರ್ಮಕ್ಕಿಂತ ಸಮರ್ಥ. ಆದರೆ ಒಳಗಿನಿಂದ ನೋಡಿದರೆ ಚಿತ್ರ ಬೇರೆ. ಹೆಣಿಗೆಯ ಮೂಲಕ ಇಳಿದ ನೀರು ಹಾಳೆಯನ್ನು ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಹೊರಗೆ ಟಾರು, ಒಳಗೆ ಒತ್ತಾದ ಬಿದಿರು. ನಡುವಿನ ಕಿರಿದಾದ ಸಂದಿನಲ್ಲಿ ನೀರು, ಮರಳು, ಹೂಳು, ಮೀನಿನ ಪೊರೆ. ಬೋರಲು ಹಾಕಿದರೂ ಸಂದಿನ ನೀರು ಪೂರ್ತಿ ಇಳಿಯದು; ಸೂಕ್ಷ್ಮ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುವ ಬಲ ಅದರ ಭಾರಕ್ಕಿಂತ ಮಿಗಿಲು.

ಬಿದಿರಿಗೆ ಇದರಿಂದಾಗುವ ಹಾನಿಯನ್ನು ಬಿಡಿಸಿ ಹೇಳಬೇಕು. ನೀರಿನಲ್ಲಿ ಪೂರ್ಣವಾಗಿ ಮುಳುಗಿರುವ ಬಿದಿರಾಗಲಿ ಮರವಾಗಲಿ ಬೇಗ ಕೊಳೆಯುವುದಿಲ್ಲ, ಏಕೆಂದರೆ ಕೊಳೆಸುವ ಶಿಲೀಂಧ್ರಗಳಿಗೆ ಗಾಳಿ ಬೇಕು. ಚೆನ್ನಾಗಿ ಒಣಗಿದುದೂ ಕೊಳೆಯುವುದಿಲ್ಲ. ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯಲಾರದು. ಹೊಸದಾಗಿ ಕಡಿದ ಬಿದಿರನ್ನು ಕೆಲವು ವಾರ ಕೆರೆಯಲ್ಲಿ ಮುಳುಗಿಸಿಟ್ಟು, ಅದರೊಳಗಿನ ಪಿಷ್ಟ ಕರಗಿ ಹೋದ ಮೇಲೆ ಒಣಗಿಸಿ ಬಳಸುವ ಹಳೆಯ ಪದ್ಧತಿಯಲ್ಲಿ ಈ ಎರಡು ಸ್ಥಿತಿಗಳ ಅರಿವೂ ಇದೆ. ಪಿಷ್ಟ ಹೋದ ಬಿದಿರಿಗೆ ಹುಳು ಬೀಳುವುದು ಕಡಿಮೆ. ವಿನಾಶಕಾರಿಯಾದುದು ಈ ಎರಡರ ನಡುವಿನ ಸ್ಥಿತಿ: ಗಾಳಿಯೂ ಉಂಟು, ತೇವವೂ ಉಂಟು, ಆರುವ ದಾರಿ ಮಾತ್ರ ಇಲ್ಲ. ಟಾರು ಹಾಳೆಯ ಹಿಂದಣ ಸಂದು ಠೀಕಾಗಿ ಇದೇ ಸ್ಥಿತಿ. ಹೊರಗೆ ಕಪ್ಪಗೆ ಮಿರುಗುತ್ತಿರುವ ಹರಿಗೋಲಿನ ತಳದ ದಬ್ಬೆಗಳು ಹಾಳೆಯ ಕಡೆಯ ಮುಖದಲ್ಲಿ ಪುಡಿಯಾಗಿರಬಹುದು, ಒಳಗೆ ಕಾಣುವ ಮುಖ ಗಟ್ಟಿಯಾಗಿಯೇ ಇರಬಹುದು. ಹೊದಿಕೆ ತನ್ನ ಸ್ಥಿತಿಯನ್ನು ಹೇಳುವ ಕಾಲ ಚರ್ಮದೊಂದಿಗೆ ಮುಗಿಯಿತು.

ಇದಕ್ಕೆ ಪ್ರಪಂಚದ ಇತರ ದುಂಡುದೋಣಿಗಳ ಪರಂಪರೆಯಲ್ಲಿ ಬೇರೆ ಬಗೆಯ ಉತ್ತರಗಳಿವೆ. ಇರಾಕಿನ ನದಿಗಳಲ್ಲಿ ಬಳಕೆಯಲ್ಲಿದ್ದ ಕುಫ್ಫಾ ಎಂಬ ಬುಟ್ಟಿದೋಣಿಗೆ ಪ್ರತ್ಯೇಕ ಹಾಳೆ ಇರಲಿಲ್ಲ. ಹೆಣಿಗೆಯ ಮೇಲೆಯೇ ನೆಲದಿಂದ ದೊರೆಯುವ ಟಾರನ್ನು ಬಳಿಯುತ್ತಿದ್ದರು. ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ಅರ್ವಿಂಗ್ ಫಿಂಕೆಲ್ 2014ರಲ್ಲಿ ಪ್ರಕಟಿಸಿದ ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಮಣ್ಣಿನ ಫಲಕವೊಂದು ಪ್ರಳಯದ ನೌಕೆಯನ್ನೇ ಬೃಹತ್ತಾದ ದುಂಡು ಬುಟ್ಟಿದೋಣಿಯಾಗಿ ಚಿತ್ರಿಸಿ, ಅದರ ಒಳಗೂ ಹೊರಗೂ ಟಾರು ಬಳಿಯುವ ಪ್ರಮಾಣವನ್ನು ಸಹ ಕೊಡುತ್ತದೆ. ಕಥೆ ಪುರಾಣವಾದರೂ ತಂತ್ರಜ್ಞಾನ ಕಸುಬುದಾರರದು. ವಿಯೆಟ್ನಾಮಿನ ಕಡಲತೀರದ ಬಿದಿರಿನ ಬುಟ್ಟಿದೋಣಿಯಲ್ಲಿ ಒತ್ತಾದ ಹೆಣಿಗೆಗೆ ಸಗಣಿ ಮೆತ್ತಿ ಸಂದುಗಳನ್ನು ಮುಚ್ಚಿ, ಅದರ ಮೇಲೆ ಮರದ ರಾಳವನ್ನು ಹಚ್ಚುತ್ತಾರೆ. ಈ ಮೂರರಲ್ಲಿಯೂ ಸಮಾನವಾದ ಅಂಶವೆಂದರೆ ಹೆಣಿಗೆಗೂ ಹೊದಿಕೆಗೂ ನಡುವೆ ತೆರಪೇ ಉಳಿಯದಿರುವುದು. ನಮ್ಮ ಹರಿಗೋಲು ಚರ್ಮದ ಕಾಲದಲ್ಲಿ ತೆರಪನ್ನು ಉಳಿಸಿಕೊಂಡು ಆರಿಸುವ ದಾರಿ ಹಿಡಿದಿತ್ತು. ಪ್ಲಾಸ್ಟಿಕ್ ಬಂದ ಮೇಲೆ ತೆರಪು ಉಳಿಯಿತು, ಆರುವ ಗುಣ ಹೋಯಿತು.

ಹೀಗಾಗಿ ಒಣಗಿಸುವ ಕೆಲಸಕ್ಕೆ ಈಗ ಮೊದಲಿಗಿಂತ ಹೆಚ್ಚು ಎಚ್ಚರ ಬೇಕು. ಹರಿಗೋಲನ್ನು ನೆಲಕ್ಕೆ ಬಾಯಿ ಮುಚ್ಚುವಂತೆ ಬೋರಲು ಹಾಕಿದರೆ ಒಳಗೆ ಉಗಿ ನಿಲ್ಲುತ್ತದೆ. ಒಂದು ಅಂಚಿನ ಕೆಳಗೆ ಕಲ್ಲನ್ನೋ ಹುಟ್ಟನ್ನೋ ಕೊಟ್ಟು ಎತ್ತರಿಸಿದರೆ ಗಾಳಿ ಆಡುತ್ತದೆ. ಬಿಸಿಲೂ ನಿರಪಾಯಕರವಲ್ಲ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಕಪ್ಪು ಟಾರು ಮೆತ್ತಗಾಗಿ ಇಳಿಜಾರಿನ ಕಡೆಗೆ ಹರಿಯುತ್ತದೆ, ಬರಿದಾದ ಪ್ಲಾಸ್ಟಿಕ್ ಎಳೆ ಬಿಸಿಲಿಗೆ ಪೆಡಸಾಗಿ ಉದುರುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಬಾಯಿ ಮೇಲಾಗಿ ಹೆಣಿಗೆಯನ್ನು ಒಣಗಿಸಿ, ಹೊತ್ತೇರಿದಾಗ ನೆರಳಿನಲ್ಲಿ ಬೋರಲು ಹಾಕುವುದೇ ಉಚಿತ ಕ್ರಮ. ಕೊಂಚ ಸಿಹಿನೀರಿನಿಂದ ತಳವನ್ನು ತೊಳೆದು ಮರಳನ್ನು ಹೊರಹಾಕುವುದು ಒಣಗಿಸುವುದಕ್ಕೆ ಮೊದಲಿನ ಕೆಲಸ. ಸಂದಿನಲ್ಲಿ ಹೂಳು ಉಳಿದರೆ ಅದು ತೇವವನ್ನು ಸ್ಪಂಜಿನಂತೆ ಹಿಡಿದಿಡುತ್ತದೆ.

ತೇಪೆ ಹಾಕುವಲ್ಲಿ ಆಗುವ ತಪ್ಪು ಇದಕ್ಕಿಂತ ಗುರುತರ. ಸೋರಿಕೆ ಕಂಡೊಡನೆ ಅದೇ ದಿನ, ಅದೇ ಒದ್ದೆ ತಳಕ್ಕೆ ಹೊರಗಿನಿಂದ ಬಿಸಿ ಟಾರು ಸುರಿದರೆ ಅಡಗಿದ ತೇವ ಉಗಿಯಾಗಿ ಟಾರಿನಲ್ಲಿ ಗುಳ್ಳೆಗಳನ್ನೆಬ್ಬಿಸುತ್ತದೆ. ಗುಳ್ಳೆ ಒಡೆದಲ್ಲಿ ಸೂಜಿಮೊನೆಯಷ್ಟು ತೂತು. ಟಾರು ಒದ್ದೆ ಮೈಗೆ ಅಂಟುವುದೂ ಇಲ್ಲ. ಸೋರಿಕೆ ನಿಂತಂತೆ ಕಾಣುತ್ತದೆ, ನೀರು ಒಳಗೇ ಸೆರೆಯಾಗುತ್ತದೆ, ಕೆಲವು ದಿನಗಳಲ್ಲಿ ತೇಪೆ ಹಾಳೆಯೊಡನೆ ಕಿತ್ತುಬರುತ್ತದೆ. ಅದರ ಮೇಲೆ ಮತ್ತೊಂದು ಪದರ. ಹೀಗೆ ಪದರದ ಮೇಲೆ ಪದರ ಸೇರಿ, ಇಬ್ಬರು ಹೊರಬಹುದಾಗಿದ್ದ ಹರಿಗೋಲನ್ನು ನಾಲ್ವರು ಎಳೆಯಬೇಕಾಗುತ್ತದೆ. ಭಾರವಾದುದನ್ನು ದಿನವೂ ಎತ್ತಲಾರದೆ ನೀರಿನಲ್ಲಿಯೇ ಕಟ್ಟಿಹಾಕುತ್ತಾರೆ. ನೀರಿನಲ್ಲಿಯೇ ಉಳಿದುದು ಇನ್ನಷ್ಟು ನೀರು ಕುಡಿಯುತ್ತದೆ. ಸರಿಯಾದ ಕ್ರಮ ನಿಧಾನದ್ದು. ಮೊದಲು ಪೂರ್ತಿ ಒಣಗಿಸಬೇಕು. ಒಣಗಿದ ಹರಿಗೋಲನ್ನು ಬಾಯಿ ಮೇಲಾಗಿ ಕಲ್ಲುಗಳ ಮೇಲಿರಿಸಿ, ಒಳಗೆ ಒಂದೆರಡು ತಂಬಿಗೆ ನೀರು ಸುರಿದು ಆಡಿಸಿದರೆ ತೂತಿರುವಲ್ಲಿ ಹೊರಮೈ ಒದ್ದೆಯಾಗುತ್ತದೆ. ಅಲ್ಲಿ ಸುಣ್ಣದ ಗುರುತು ಹಾಕಿಕೊಳ್ಳಬೇಕು. ಮತ್ತೆ ಒಣಗಿಸಿ, ಅಲ್ಲಿನ ಹಳೆಯ ಸಡಿಲ ಟಾರನ್ನು ಕೆರೆದು ತೆಗೆದು, ಒಳಗಿನ ದಬ್ಬೆಯನ್ನು ಉಗುರಿನಿಂದ ಒತ್ತಿ ನೋಡಿ, ಕೊಳೆತಿದ್ದರೆ ಬದಲಿಸಿ, ಆಮೇಲೆ ಬಟ್ಟೆ ಮತ್ತು ಟಾರು. ಒಂದು ದಿನದ ಸಂಪಾದನೆಯನ್ನು ಕಳೆದುಕೊಳ್ಳಲಾರದವನಿಗೆ ಈ ನಿಧಾನ ಎಟುಕುವುದಿಲ್ಲ ಎಂಬುದೂ ನಿಜ. ದುಡಿಮೆಗೆ ಬದಲಿ ಹರಿಗೋಲೊಂದು ಇದ್ದಲ್ಲಿ ಮಾತ್ರ ಒಣಗಿಸುವ ಶಿಸ್ತು ನಿಲ್ಲುತ್ತದೆ. ತಾಂತ್ರಿಕವೆಂದು ಕಾಣುವ ಈ ಸಮಸ್ಯೆಯ ಬೇರು ಬಹುಪಾಲು ಇಲ್ಲಿದೆ.

ನಿಂತ ನೀರು, ಹರಿವ ನೀರು

ಹರಿಗೋಲು ಇರುವ ನೀರು ಎಂತಹುದೆಂಬುದರ ಮೇಲೂ ಒಳನೀರಿನ ಸ್ವರೂಪ ಬದಲಾಗುತ್ತದೆ. 1953ರಲ್ಲಿ ನೀರು ತುಂಬತೊಡಗಿದ ತುಂಗಭದ್ರಾ ಜಲಾಶಯ ಸುಮಾರು 378 ಚದರ ಕಿಲೋಮೀಟರ್ ಹರವಿನದು. ಹರಿಯುವ ಹೊಳೆಯ ಸಾಧನವಾಗಿದ್ದ ಹರಿಗೋಲು ಅಲ್ಲಿ ವಿಶಾಲವಾದ ನಿಂತ ನೀರಿನ ಮೀನುಗಾರಿಕೆಗೆ ಒಗ್ಗಿಕೊಳ್ಳಬೇಕಾಯಿತು. ಗಾಳಿ ಬೀಸಿದಾಗ ಅಲ್ಲಿ ಏಳುವ ಅಲೆ ಹೊಳೆಯ ಸೆಳವಿನಂತಹುದಲ್ಲ. ದಡ ದೂರ, ಮೊಗೆಯುವ ಕೆಲಸ ನಡುನೀರಿನಲ್ಲಿಯೇ ಆಗಬೇಕು. ಸಂಡೂರು ಕಣಿವೆಯಿಂದ ಹರಿದುಬರುವ ನಾರಿಹಳ್ಳದ ನೀರು ಸೇರುವ ದರೋಜಿಯ ದೊಡ್ಡ ಕೆರೆಯಂತಹ ಜಲರಾಶಿಯಲ್ಲಿ ಇನ್ನೊಂದು ಬಗೆ. ಕಬ್ಬಿಣದ ಅದಿರಿನ ಬೆಟ್ಟಗಳ ಕಡೆಯಿಂದ ಮಳೆಗಾಲದಲ್ಲಿ ಬರುವ ನೀರಿನೊಡನೆ ನುಣುಪಾದ ಕೆಂಪು ಹೂಳೂ ಬರುತ್ತದೆ. ಹೊಳೆಯ ಮರಳು ಹೊದಿಕೆಯನ್ನು ಸವೆಸಿದರೆ ಇಂತಹ ನುಣ್ಣನೆಯ ಹೂಳು ಸಂದುಗಳಲ್ಲಿ ಮೆತ್ತಿಕೊಂಡು ಆರುವುದನ್ನು ತಡೆಯುತ್ತದೆ. ಕೆರೆಯಲ್ಲಿ ಸೆಳವಿಲ್ಲದ ಕಾರಣ ಹರಿಗೋಲನ್ನು ದಡದ ಆಳವಿಲ್ಲದ ನೀರಿನಲ್ಲಿಯೇ ಬಿಟ್ಟುಹೋಗುವ ಆಲಸ್ಯಕ್ಕೆ ಎಡೆಯೂ ಹೆಚ್ಚು. ಹೊಳೆ ಅಂತಹ ಆಲಸ್ಯವನ್ನು ಸಹಿಸುವುದಿಲ್ಲ.

ಹೊಳೆ ಸಹಿಸುವುದಿಲ್ಲವೆಂಬುದಕ್ಕೆ ಅಣೆಕಟ್ಟಿನ ಕೆಳಗಣ ಊರುಗಳ ಅನುಭವವೇ ಸಾಕ್ಷಿ. 2019ರ ಆಗಸ್ಟಿನ ಪ್ರವಾಹದಲ್ಲಿ ಕಂಪ್ಲಿ ಮತ್ತು ಗಂಗಾವತಿಯ ನಡುವಣ ಸೇತುವೆ ಮುಳುಗಿತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನದಿಗೆ ಒಮ್ಮೆಲೆ ನೀರು ನುಗ್ಗಿತು. ಇಂತಹ ಹೊತ್ತಿನಲ್ಲಿ ಹರಿಗೋಲನ್ನು ಕಾಪಾಡುವ ಏಕೈಕ ಮಾರ್ಗ ಅದನ್ನು ಎತ್ತಿ ಮೇಲಕ್ಕೆ ಸಾಗಿಸುವುದು. ಒಣಗಿದ ಹರಿಗೋಲು ತಲೆಯ ಮೇಲೆ ಬೋರಲಾಗಿ ಹೊತ್ತು ನಡೆಯುವಷ್ಟು ಹಗುರ. ಪದರಗಳಲ್ಲಿ ನೀರು ತುಂಬಿಕೊಂಡದ್ದು ದಡದಲ್ಲಿಯೇ ಉಳಿದು ಹೊಳೆಯ ಪಾಲಾಗುತ್ತದೆ.

ಫೈಬರ್ ಗ್ಲಾಸಿನ ಹರಿಗೋಲು

ಇತ್ತೀಚಿನ ದಶಕಗಳಲ್ಲಿ, ಮೀನುಗಾರಿಕೆ ಇಲಾಖೆಯ ನೆರವಿನ ಯೋಜನೆಗಳ ಮೂಲಕವೂ, ಫೈಬರ್ ಗ್ಲಾಸಿನ ಹರಿಗೋಲುಗಳು ಬಳಕೆಗೆ ಬಂದಿವೆ. ಒಂದೇ ಪದರದ ಗೋಡೆಯುಳ್ಳದ್ದಾದರೆ ಅದರಲ್ಲಿ ಹೆಣಿಗೆಯೂ ಇಲ್ಲ, ಸಂದೂ ಇಲ್ಲ; ತಂಗುನೀರನ್ನು ಮೊಗೆದು ಒರೆಸಿದರೆ ಮುಗಿಯಿತು. ಆದರೆ ಬರಿಯ ಫೈಬರ್ ಗ್ಲಾಸು ಬಿದಿರಿನಂತೆ ತಾನಾಗಿ ತೇಲುವ ವಸ್ತುವಲ್ಲ. ನೀರು ತುಂಬಿದ ಬಿದಿರಿನ ಹರಿಗೋಲು ಮುಳುಗಿದಂತೆ ಕಂಡರೂ ಹಿಡಿದುಕೊಳ್ಳಲು ಆಸರೆಯಾಗಿ ಉಳಿದೀತು. ಫೈಬರ್ ಗ್ಲಾಸು ತಳಕ್ಕಿಳಿಯುತ್ತದೆ. ಆದುದರಿಂದ ಅಂಚಿನ ಸುತ್ತ ಅಥವಾ ತಳದಲ್ಲಿ ಎರಡು ಗೋಡೆಗಳ ನಡುವೆ ಗಾಳಿಯ ಕೋಶವನ್ನೋ ನೊರೆಯಂತಹ ಹಗುರ ತುಂಬುವಸ್ತುವನ್ನೋ ಇರಿಸಬೇಕಾಗುತ್ತದೆ. ಅಲ್ಲಿಗೆ ಹಳೆಯ ಶತ್ರು ಹೊಸ ಮನೆ ಹೊಕ್ಕಂತಾಗುತ್ತದೆ. ಬಂಡೆಗೆ ತಾಗಿ ಎದ್ದ ಕೂದಲೆಳೆಯಷ್ಟು ಬಿರುಕಿನಿಂದ, ಹಗ್ಗ ಕಟ್ಟಲು ಕೊರೆದ ತೂತಿನಿಂದ ನೀರು ಈ ಮುಚ್ಚಿದ ಕೋಶಕ್ಕಿಳಿಯುತ್ತದೆ. ಬಿಸಿಲಿಗೆ ಕಾದ ಕೋಶದ ಗಾಳಿ ಹಿಗ್ಗಿ ಹೊರಹೋಗಿ, ಸಂಜೆ ನೀರಿಗಿಳಿದಾಗ ತಂಪಾಗಿ ಕುಗ್ಗಿ, ಬಿರುಕಿನಿಂದ ನೀರನ್ನು ಒಳಕ್ಕೆ ಹೀರುವುದೂ ಉಂಟು. ಮುಳುಗದಿರಲೆಂದು ಇಟ್ಟ ಕೋಶವೇ ಭಾರದ ಕೊಡವಾಗುತ್ತದೆ. ಹೊರಗಿನಿಂದ ನೋಡುವವನಿಗೆ ಏನೂ ಕಾಣದು.

ತುಂಬುವಸ್ತುವಿನ ಆಯ್ಕೆಯೂ ಸಾಮಾನ್ಯ ಸಂಗತಿಯಲ್ಲ. ಮುಚ್ಚಿದ ಕಣಗಳ ಪಾಲಿಯುರಿಥೇನ್ ನೊರೆ ಬೇಗ ನೀರು ಕುಡಿಯುವುದಿಲ್ಲವಾದರೂ ವರ್ಷಗಟ್ಟಲೆ ನೀರಿನೊಡನೆ ಮುಚ್ಚಿಟ್ಟರೆ ಕುಡಿಯುತ್ತದೆ, ಮತ್ತೆ ಬಿಡುವುದು ತೀರ ನಿಧಾನ. ಅಗ್ಗವೆಂದು ಥರ್ಮೋಕೋಲನ್ನು ತುಂಬಿ ಮೇಲೆ ಪಾಲಿಯೆಸ್ಟರ್ ರಾಳ ಹಚ್ಚಿದರೆ ರಾಳದಲ್ಲಿರುವ ದ್ರಾವಕಕ್ಕೆ ಥರ್ಮೋಕೋಲು ಕರಗಿ ಪೊಳ್ಳು ಉಳಿಯುತ್ತದೆ. ಗೋಡೆಯ ಪದರಗಳೊಳಗೂ ನೀರು ಸೇರಬಲ್ಲುದು. ಸದಾ ನೀರಿನಲ್ಲಿರುವ ಫೈಬರ್ ಗ್ಲಾಸಿನ ಮೇಲ್ಲೇಪವನ್ನು ನೀರಿನ ಅಣುಗಳು ಮೆಲ್ಲನೆ ದಾಟಿ, ಒಳಗೆ ಕರಗುವ ಅಂಶಗಳೊಡನೆ ಬೆರೆತು, ಮೇಲೆ ಗುಳ್ಳೆಗಳಾಗಿ ಉಬ್ಬುತ್ತವೆ. ಒಡೆದರೆ ಹುಳಿ ವಾಸನೆಯ ದ್ರವ ಹೊರಬರುತ್ತದೆ. ಇವಕ್ಕೆ ಮೇಲೆ ಬಣ್ಣ ಬಳಿಯುವುದು ಒದ್ದೆ ಹಾಳೆಗೆ ಟಾರು ಬಳಿದಂತೆಯೇ ವ್ಯರ್ಥ. ಗುಳ್ಳೆಯನ್ನು ತೆರೆದು, ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ನೆರಳುಗಾಳಿಯಲ್ಲಿ ಒಣಗಿಸಿ, ಅನಂತರವಷ್ಟೇ ಎಪಾಕ್ಸಿಯಿಂದ ತುಂಬಬೇಕು.

ಮುಚ್ಚಿದ ಕೋಶದ ನೀರನ್ನು ಕಂಡುಹಿಡಿಯಲು ಸರಳವಾದ ಮಾರ್ಗವೊಂದಿದೆ: ತೂಕ. ಹೊಸ ಹರಿಗೋಲನ್ನು ಪಡೆದ ದಿನವೇ ಒಣಗಿದ ಸ್ಥಿತಿಯಲ್ಲಿ ತೂಗಿ, ಆ ಅಂಕಿಯನ್ನು ಅಂಚಿನ ಮೇಲೆ ಅಳಿಯದಂತೆ ಬರೆಯಬೇಕು. ನೀರಿನ ಲೀಟರೊಂದಕ್ಕೆ ಕಿಲೋಗ್ರಾಂ ಒಂದು. ಮುಂದೆ ತೂಗಿದಾಗ ಹೆಚ್ಚಾದಷ್ಟು ತೂಕವೇ ಅಡಗುನೀರಿನ ಅಳತೆ. ಧಾನ್ಯದ ವ್ಯಾಪಾರಿಯ ತಕ್ಕಡಿ ಸಾಕು, ಬೇರೆ ಉಪಕರಣ ಬೇಡ. ನೀರಿದೆಯೆಂದು ತಿಳಿದ ಮೇಲೆ ಕೋಶದ ಅತ್ಯಂತ ತಗ್ಗಾದ ಜಾಗದಲ್ಲಿ ಒಂದು ತೂತು, ಗಾಳಿ ಬರಲು ಎದುರಿಗೆ ಎತ್ತರದಲ್ಲಿ ಇನ್ನೊಂದು ತೂತು ಕೊರೆದು, ಹರಿಗೋಲನ್ನು ವಾಲಿಸಿ ನಿಲ್ಲಿಸಬೇಕು. ಒಂದೇ ತೂತು ಕೊರೆದರೆ ನೀರು ಗಳಗಳನೆ ಇಳಿಯದು, ಬಾಯಿ ಕಿರಿದಾದ ಕ್ಯಾನಿನಂತೆ ತಡೆತಡೆದು ನಿಲ್ಲುತ್ತದೆ. ಇಳಿದ ಮೇಲೂ ತೂತುಗಳನ್ನು ತೆರೆದೇ ಇಟ್ಟು, ತೂಕ ಮೊದಲಿನ ಅಂಕಿಗೆ ಬರುವವರೆಗೆ ಒಣಗಿಸಿ, ಬಿರುಕನ್ನು ಮುಚ್ಚಿ, ತೂತುಗಳಿಗೆ ತಿರುಪಿನ ಬಿರಡೆ ಹಾಕಬೇಕು. ಮತ್ತೆ ಕೊರೆಯುವ ಪ್ರಮೇಯ ಬಾರದಂತೆ ತಯಾರಿಕೆಯಲ್ಲಿಯೇ ಇಂತಹ ಬಿರಡೆಯನ್ನು ಇರಿಸಲು ತಗಲುವ ವೆಚ್ಚ ಅತ್ಯಲ್ಪ.

1917ರ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ಹಡಗುಗಳ ಅಧಿನಿಯಮ ಯಂತ್ರರಹಿತ ದೋಣಿಗಳಿಗೂ ಪ್ರತ್ಯೇಕ ಅಧ್ಯಾಯವನ್ನು ಮೀಸಲಿರಿಸಿದೆ. ಅದರಡಿ ಹರಿಗೋಲಿನ ಪರಿಶೀಲನೆಗೆ ಸ್ಥಳೀಯ ಕ್ರಮಗಳು ರೂಪುಗೊಳ್ಳುವಲ್ಲಿ ಜನಸಂಖ್ಯೆಯ ಮಿತಿ, ಜೀವರಕ್ಷಕ ಅಂಗಿಗಳೊಡನೆ ಮೂರು ಅಂಶಗಳನ್ನು ಸೇರಿಸುವುದು ಯುಕ್ತ: ತಳ ಚಪ್ಪಟೆಯಾಗಿದೆಯೇ, ಒಣ ತೂಕ ಎಷ್ಟು, ಇಂದಿನ ತೂಕ ಎಷ್ಟು. ಬಿದಿರಿನ ಹರಿಗೋಲಿಗಾದರೆ ಇನ್ನೊಂದು: ಹಾಳೆಯನ್ನು ಒಂದೆಡೆ ಬಿಚ್ಚಿ ದಬ್ಬೆಯ ಹಿಂಬದಿಯನ್ನು ನೋಡುವುದು. ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ, ಹರಿಗೋಲುಗಳಿಗೆ ಹೊಸ ಟಾರು ಬೀಳುವ ಮೊದಲು ಇದಕ್ಕೆ ಸಮಯ ಸಿಗುತ್ತದೆ; ಟಾರು ಬಿದ್ದ ಮೇಲೆ ಸಿಗುವುದಿಲ್ಲ.